‘ಒಂದಿನ ಮೊದಲೇ ಬೆಂಗಳೂರಿಗೆ ಕರ್ಕೊಂಡು ಹೋಗಿದ್ರೆ...’

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಅಷ್ಟು ಹತ್ತಿರ ಇರುವುದಕ್ಕೋ ಏನೋ, ಇಲ್ಲಿ ಯಾರ ಮನೆಯಲ್ಲಿ ಸಾವಾದರೂ ಹನ್ನೊಂದನೇ ದಿನದ ಊಟಕ್ಕೆ ಬಂದವರಲ್ಲಿ ಒಬ್ಬರಾದರೂ ಈ ಮಾತು ಆಡುತ್ತಾರೆ. ಆಡಿದವರು ಊಟ ಮುಗಿಸಿ ಹೋಗುತ್ತಾರೆ. ಕೇಳಿಸಿಕೊಂಡ ಮಗನೋ ಮಗಳೋ ತಿಂಗಳುಗಟ್ಟಲೆ ನಿದ್ದೆ ಬಿಟ್ಟು ಆಪ್ತ ಸಮಾಲೋಚನೆಗೆ ನನ್ನ ಹತ್ತಿರ ಬರುತ್ತಾರೆ. ಇಂಥವರು ತುಂಬ ಜನ ಬರುತ್ತಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ತೀರಿಕೊಂಡವರು ಕಂದಾಯ ಇಲಾಖೆಯಲ್ಲಿದ್ದವರು. ಗ್ರಾಮ ಲೆಕ್ಕಿಗರಾಗಿ ಸೇರಿ, ಶಿರಸ್ತೇದಾರರಾಗಿ, 60ಕ್ಕೆ ನಿವೃತ್ತರಾದರು. ಸಾಯುವಾಗ 71. ಮಗನಿಗೆ ನಲವತ್ತರ ಆಸುಪಾಸು, ತುಮಕೂರಿನಲ್ಲೇ ಕೆಲಸ. ಅಪ್ಪನಿಗೆ ಜ್ವರ, ಕೆಮ್ಮು ಬಂತು, ನಾಲ್ಕನೇ ದಿನ ರಾತ್ರಿ ಉಸಿರು ಕಟ್ಟಿತು, ಬೆಂಗಳೂರಿನ ಐಸಿಯುನಲ್ಲಿ ಒಂಬತ್ತು ದಿನ ಇದ್ದು ಹೋದರು. ಇಷ್ಟೇ ನಡೆದದ್ದು.

ಮಗ ನನ್ನ ಹತ್ತಿರ ಬಂದಾಗ ಅಪ್ಪ ಹೋಗಿ ಎಂಟು ತಿಂಗಳಾಗಿತ್ತು. ಅಪ್ಪನ ಬಗ್ಗೆ ಹೇಳಿ ಅಂದರೆ ಐಸಿಯು ಬಗ್ಗೆ ಮಾತ್ರ ಹೇಳುತ್ತಿದ್ದರು. ಯಾವ ದಿನ ಯಾವ ನಳಿಕೆ ಹಾಕಿದರು, ಯಾವ ಡಾಕ್ಟರ್ ಏನಂದರು, ಎಲ್ಲ ಬಾಯಿಪಾಠ. ಅಪ್ಪ ಬದುಕಿದ್ದ 71 ವರ್ಷದ ಬಗ್ಗೆ ಒಂದು ಮಾತೂ ಬರುತ್ತಿರಲಿಲ್ಲ. ‘ಮೇಡಂ, ನಾನು ತಪ್ಪು ಮಾಡಿಲ್ಲ ಅಂತ ಒಂದು ಸಲ ಹೇಳಿಬಿಡಿ’ ಅಂತ ಬೇಡಿಕೊಂಡರು. ನಾನು ಹೇಳಲಿಲ್ಲ. ಕಠಿಣ ಅನಿಸಬಹುದು, ಆದರೆ ಅದಾಗಲೇ ಹೆಂಡತಿ ಹೇಳಿದ್ದರು, ಸ್ನೇಹಿತರು ಹೇಳಿದ್ದರು, ಆ ಡಾಕ್ಟರೇ ಹೇಳಿದ್ದರು. ನಾನೂ ಹೇಳಿದರೆ ಸಂಜೆವರೆಗೆ ಸಮಾಧಾನ ಇರುತ್ತದೆ, ರಾತ್ರಿ ಮತ್ತೆ ಅದೇ ಪ್ರಶ್ನೆ. ಅವತ್ತು ಏನಾಯಿತು ಅಂತ ಪೂರ್ತಿ ನೋಡದೆ ತೀರ್ಪು ಕೊಡುವ ಹಕ್ಕೂ ನನಗಿಲ್ಲ. ನಿಜವಾಗಿ ತಪ್ಪು ಸಿಕ್ಕಿದರೆ ಅದನ್ನೂ ಅವರ ಜೊತೆ ಕೂತು ನೋಡಬೇಕು.

ಒಂದು ಭೇಟಿಗೆ ತಾಯಿಯೂ ಬಂದಿದ್ದರು. ತುಂಬ ಹೊತ್ತು ಸುಮ್ಮನೆ ಕೂತಿದ್ದರು. ನಾನು ಅವರನ್ನೇ ಕೇಳಿದೆ, ‘ಅಮ್ಮಾ, ಯಜಮಾನರು ಕೆಲಸದಲ್ಲಿ ಹೇಗಿದ್ರು?’ ಅದುವರೆಗೆ ಅವರನ್ನು ಯಾರೂ ಏನೂ ಕೇಳಿರಲಿಲ್ಲವೇನೋ, ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಪಾವಗಡಕ್ಕೆ ವರ್ಗ ಆದಾಗ ಮಕ್ಕಳ ಓದು ಕೆಡಬಾರದು ಅಂತ ಮನೆಯನ್ನು ತುಮಕೂರಲ್ಲೇ ಬಿಟ್ಟು ಅಲ್ಲೊಂದು ರೂಮು ಮಾಡಿದ್ದು, ಶನಿವಾರ ರಾತ್ರಿ ಬಸ್ಸಿಳಿದು ಬರುವಾಗ ಚೀಲದ ತುಂಬ ಕಡಲೇಕಾಯಿ ತರುತ್ತಿದ್ದದ್ದು, ಭಾನುವಾರ ಕೂತು ಮಕ್ಕಳ ಪುಸ್ತಕಕ್ಕೆಲ್ಲ ಬೈಂಡ್ ಹಾಕಿ ಕಚೇರಿ ಕಡತದ ಮೇಲೆ ಬರೆಯುವ ಹಾಗೆ ದುಂಡಗೆ ಹೆಸರು ಬರೆಯುತ್ತಿದ್ದದ್ದು. ಮಗ ತಲೆ ಎತ್ತಿ, ‘ಹೌದು, ವರ್ಷ ಪೂರ್ತಿ ಕಿತ್ತು ಬರ್ತಿರಲಿಲ್ಲ’ ಅಂದರು. ಐಸಿಯು ಬಿಟ್ಟು ಅಪ್ಪನ ಬಗ್ಗೆ ಅವರು ನನ್ನೆದುರು ಆಡಿದ ಮೊದಲ ಮಾತು ಅದು.

ಆಮೇಲೆ ತಾಯಿ ಹೇಳಿದರು, ‘ತಕರಾರು ಅರ್ಜಿ ಬಂದಾಗ ಇವರು ರಾತ್ರಿಯೆಲ್ಲ ಯೋಚನೆ ಮಾಡೋರು. ನಾನು ಬೈತಿದ್ದೆ. ಅದಕ್ಕೆ ಇವರು, ನನ್ನ ಮುಂದೆ ಇರೋ ಕಾಗದ ನೋಡಿ ಟಿಪ್ಪಣಿ ಬರೀಬೇಕು ಕಣೇ, ನಾಳೆ ಬರೋ ಕಾಗದಕ್ಕೆ ಇವತ್ತು ನಾನು ಹೊಣೆ ಅಲ್ಲ ಅನ್ನೋರು.’

ನಾನು ಮಗನ ಕಡೆ ತಿರುಗಿ, ‘ಅವತ್ತು ಸಂಜೆ ನಿಮ್ಮ ಮುಂದೆ ಯಾವ ಕಾಗದ ಇತ್ತು?’ ಅಂತ ಕೇಳಿದೆ.

ಅಪ್ಪನಿಗೆ ಉಸಿರು ಕಟ್ಟುವ ಮುಂಚಿನ ಆ ಸಂಜೆಯದನ್ನು ಒಂದೊಂದಾಗಿ ಹೇಳಿಸಿದೆ, ತಾಯಿ ನಡುವೆ ತಿದ್ದುತ್ತಿದ್ದರು. ಬೆರಳಿಗೆ ಹಾಕುವ ಯಂತ್ರದಲ್ಲಿ ಆಮ್ಲಜನಕ 95 ತೋರಿಸುತ್ತಿತ್ತು. ಡಾಕ್ಟರ್ ಎದೆ ಪರೀಕ್ಷೆ ಮಾಡಿ, ಎರಡು ದಿನ ಮಾತ್ರೆ ತಗೊಳ್ಳಲಿ, ಉಸಿರಾಟ ಕಷ್ಟ ಆದರೆ ತಕ್ಷಣ ಬನ್ನಿ ಅಂದಿದ್ದರು. ಅಪ್ಪ ಅರ್ಧ ಮುದ್ದೆ ಉಂಡು, ಬೆಂಗಳೂರೆಲ್ಲ ಬೇಡ ಕಣೋ ಅಂದಿದ್ದರು. ರಾತ್ರಿ ಮೂರಕ್ಕೆ ಉಸಿರು ಕಟ್ಟಿತು, ಮೂರೂವರೆಗೆ ಆಂಬುಲೆನ್ಸ್ ಹತ್ತಿಸಿದ್ದರು. ಅವತ್ತಿನ ಕಾಗದ ಅಲ್ಲಿಗೆ ಮುಗಿಯಿತು. ‘ಒಂಬತ್ತು ದಿನ ಆದಮೇಲೆ ಬಂದ ಕಾಗದ ಇದರಲ್ಲಿ ಸೇರಿಸ್ತಾ ಇದ್ದೀರಲ್ಲ, ನಿಮ್ಮಪ್ಪ ಒಪ್ತಿದ್ರಾ?’ ಅಂದೆ. ಅವರು ಜೋರಾಗಿ ಅತ್ತುಬಿಟ್ಟರು. ತಾಯಿ ಎದ್ದು ಹೋಗಿ ಪಕ್ಕ ಕೂತರು.

ಆಮೇಲೆ ಏನಾಯಿತು ಅನ್ನುವುದು ಗೊತ್ತಾದ ಮೇಲೆ, ಮೊದಲೇ ಗೊತ್ತಿತ್ತು ಅಂತ ಮನಸ್ಸು ನಮ್ಮನ್ನು ನಂಬಿಸುತ್ತದೆ. ಈ ಮಾತನ್ನು ನಾನು ಹೇಳಿದರೆ ಉಪದೇಶ ಆಗುತ್ತದೆ, ಅಪ್ಪನ ಬಾಯಿಂದ ಬಂದರೆ ಮಗ ಕೇಳುತ್ತಾನೆ. ನನ್ನ ಸಲಹೆ ಇಲ್ಲಿಂದಲೇ ಹುಟ್ಟಿದ್ದು. ಆ ಸಂಜೆ ಗೊತ್ತಿದ್ದದ್ದನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದು ಇಟ್ಟುಕೊಳ್ಳಿ, ‘ಕರ್ಕೊಂಡು ಹೋಗಿದ್ರೆ’ ಅನ್ನುವ ಯೋಚನೆ ಬಂದಾಗ ಅದನ್ನು ಓದಿ ಅಂದೆ. ಅಪ್ಪನ ಜೊತೆ ಕೆಲಸ ಮಾಡಿದವರನ್ನು ಹುಡುಕಿಕೊಂಡು ಹೋಗಿ, ಹೊಗಳಿಕೆ ಕೇಳಬೇಡಿ, ನಡೆದ ಘಟನೆ ಕೇಳಿ ಅಂದೆ. ‘ದೇವರಂಥ ಮನುಷ್ಯ’ ಅಂದರೆ ಅಲ್ಲಿ ಮನುಷ್ಯ ಕಾಣುವುದೇ ಇಲ್ಲ, ಅಲ್ವಾ?

ಅವರು ಪಾವಗಡಕ್ಕೆ ಹೋಗಿಬಂದರು. ನಿವೃತ್ತ ಗ್ರಾಮ ಲೆಕ್ಕಿಗರೊಬ್ಬರು ‘ಭೂಮಿ’ ಯೋಜನೆ ಬಂದ 2000ರ ಆಸುಪಾಸಿನ ಕಥೆ ಹೇಳಿದರಂತೆ. ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಹಾಕುವಾಗ, 9ನೇ ಕಲಂನಲ್ಲಿ ಮಾಲೀಕರ ಹೆಸರು ಒಂದಕ್ಷರ ತಪ್ಪಿದರೂ ರೈತ ನಾಳೆ ಅಲೆಯಬೇಕಾಗುತ್ತದೆ ಅಂತ ಇವರ ಅಪ್ಪ ಪ್ರತಿ ಸಾಲು ಜೋರಾಗಿ ಓದಿಸಿ ಕೇಳುತ್ತಿದ್ದರಂತೆ. ಸಿಟ್ಟು ಬಂದರೆ ಪುಸ್ತಕ ಎಸೆಯುತ್ತಿದ್ದರು ಅನ್ನುವುದನ್ನೂ ಆ ಹಿರಿಯರು ಮುಚ್ಚಿಡಲಿಲ್ಲ. ಅದನ್ನು ನನಗೆ ಹೇಳುವಾಗ ಮಗ ನಕ್ಕರು. ಮನೆಯಲ್ಲಿ ಇನ್ನೊಂದು ಸಿಕ್ಕಿತು. ಕುಟುಂಬ ಪಿಂಚಣಿಗೆ ಬೇಕಾದ ಪಿಂಚಣಿ ಆದೇಶ, ಜಂಟಿ ಫೋಟೋ, ಪಾಸ್‌ಬುಕ್ ಎಲ್ಲ ಅಪ್ಪನೇ ಒಂದು ಕಡತದಲ್ಲಿ ಜೋಡಿಸಿಟ್ಟಿದ್ದರು. ತಾಯಿ ಹೆಚ್ಚು ಓಡಾಡಬೇಕಾಗಲಿಲ್ಲ. ಸಾವಿಗೆ ಅವರು ಎಂದೋ ತಯಾರಾಗಿದ್ದರು ಅನ್ನುವುದು ಮಗನಿಗೆ ಆಗ ತಿಳಿಯಿತು.

ಓದುಗರಿಗೆ ಒಂದು ಮಾತು. ಇದು ಬರೀ ಮಾತಿನಲ್ಲಿ ಮುಗಿಯುವ ವಿಷಯ ಅಂದುಕೊಳ್ಳಬೇಡಿ. ಆರು ತಿಂಗಳು ದಾಟಿಯೂ ದುಃಖ ದಿನದ ಬದುಕನ್ನೇ ನಿಲ್ಲಿಸಿದ್ದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ ಆಗಿರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ ಗುರುತಿಸಿದೆ, ಆಯಾ ಸಮಾಜದ ಪದ್ಧತಿಯನ್ನೂ ಗಮನಿಸಬೇಕು ಅನ್ನುತ್ತದೆ. ಇವರನ್ನು ನಾನು ಮನೋವೈದ್ಯರ ಹತ್ತಿರವೂ ಕಳಿಸಿದೆ, ನಿದ್ದೆಗೆ ಸ್ವಲ್ಪ ದಿನ ಮಾತ್ರೆ ಬೇಕಾಯಿತು. ಸಾಯುವ ಯೋಚನೆ ಬರುತ್ತಿದ್ದರೆ ಕಾಯಲೇಬೇಡಿ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮತ್ತೆ, ಸಾವಿನ ಮನೆಗೆ ಹೋಗುವವರು ದಯವಿಟ್ಟು ‘ಹೀಗೆ ಮಾಡಿದ್ರೆ ಉಳೀತಿದ್ರು’ ಅನ್ನಬೇಡಿ. ನಿಮಗೆ ಅದು ಕಾಳಜಿ ಅನಿಸಬಹುದು. ಕೇಳಿದವರ ಎದೆಯಲ್ಲಿ ಅದು ಆರೋಪವಾಗಿ ಕೂರುತ್ತದೆ.

ಇಲ್ಲಿ ಆ ಮಾತು ಆಡಿದವರು ಸ್ವಂತ ಅಕ್ಕ. ಅವರಿಗೂ ಅಪ್ಪ ಹೋದ ಸಂಕಟವೇ, ಅದನ್ನು ತಮ್ಮನ ಮೇಲೆ ಹಾಕಿದ್ದಾರೆ. ಒಂದು ಸಲ ಬಂದು ಕೂರಿ ಅಂತ ತಾಯಿಯ ಮೂಲಕ ಹೇಳಿ ಕಳಿಸಿದ್ದೇನೆ. ಇನ್ನೂ ಬಂದಿಲ್ಲ. ವರ್ಷದ ತಿಥಿಗೆ ಇಬ್ಬರೂ ಒಂದೇ ಮನೆಯಲ್ಲಿದ್ದರು, ಮಾತಾಡಲಿಲ್ಲವಂತೆ.