ಕ್ರೋಶಾ ಮೊದಲೋ, ಮಣಿ ಕೆಲಸ ಮೊದಲೋ?

ನೀವು ಕೇಳಿರುವುದು ಇಷ್ಟು: ಕೆಲಸಕ್ಕೆ ಹೋಗುತ್ತೀರಿ, ಮನೆಯಲ್ಲಿ ಎರಡು ಸಣ್ಣ ಮಕ್ಕಳು. ತುದಿಯಲ್ಲಿ ಕೊಕ್ಕೆ ಇರುವ ಒಂದೇ ಕಡ್ಡಿಯಲ್ಲಿ ದಾರ ಹೆಣೆಯುವ ಕ್ರೋಶಾ ಕಲಿಯುವ ಆಸೆ ಇದೆ, ಓಲೆ, ಬಳೆ, ಸರ ಮಾಡುವ ಆಸೆಯೂ ಇದೆ. ಯಾವುದರಿಂದ ಶುರು ಮಾಡಲಿ, ಇದಕ್ಕೆಲ್ಲ ದಿನದಲ್ಲಿ ಟೈಮ್ ಎಲ್ಲಿಂದ ಬರುತ್ತದೆ ಅಂತ.

ನಾನು ದಾವಣಗೆರೆಯವಳು. ಹದಿನಾಲ್ಕು ವರ್ಷದಿಂದ ಎರಡನ್ನೂ ಮಾಡುತ್ತಿದ್ದೇನೆ. ಮಾರಾಟಕ್ಕಲ್ಲ, ನನ್ನ ಖುಷಿಗೆ. ಯಾವುದು ಜಾಸ್ತಿ ಇಷ್ಟ ಅಂತ ನೋಡಿ ಆರಿಸಬೇಡಿ. ನಿಮಗೆ ಸಿಗುವ ಹೊತ್ತು ಎಂಥದ್ದು ಅಂತ ನೋಡಿ. ಹತ್ತು ನಿಮಿಷ ಇಲ್ಲಿ, ಕಾಲು ಗಂಟೆ ಅಲ್ಲಿ, ನಡುವೆ ಯಾರಾದರೂ ಕರೆಯುವಂಥ ಹೊತ್ತಾದರೆ ದಾರ ಹಿಡಿಯಿರಿ. ವಾರಕ್ಕೆ ಒಂದು ಸಲವಾದರೂ ಯಾರೂ ಕರೆಯದ ಒಂದು ಗಂಟೆ ಸಿಗುತ್ತದೆ ಅಂತಾದರೆ ಆಮೇಲೆ ಮಣಿ ತನ್ನಿ. ಎರಡು ಸಣ್ಣ ಮಕ್ಕಳು ಅಂದಿದ್ದೀರಿ. ಹಾಗಾದರೆ ಈಗ ಕ್ರೋಶಾ.

ಕ್ರೋಶಾದಲ್ಲಿ ಸಾಮಾನ್ಯವಾಗಿ ಒಂದು ಹೊಲಿಗೆ ಮುಗಿದಾಗ ಕಡ್ಡಿಯ ಮೇಲೆ ಉಳಿಯುವುದು ಒಂದೇ ಕುಣಿಕೆ. ಕುಕ್ಕರ್ ಕೂಗಿತು ಅನ್ನಿ. ಆ ಕುಣಿಕೆಯನ್ನು ಸ್ವಲ್ಪ ಉದ್ದಕ್ಕೆ ಎಳೆದು, ಬಳೆಗೆ ಸಿಕ್ಕಿಸಿಕೊಂಡ ಪಿನ್ನು ತೆಗೆದು ಅದಕ್ಕೆ ಹಾಕಿ ಎದ್ದು ಹೋಗಬಹುದು. ಎರಡು ದಿನ ಬಿಟ್ಟು ಬಂದರೂ ಅದು ಅಲ್ಲೇ ಇರುತ್ತದೆ. ಸ್ವೆಟರ್ ಹೆಣೆಯುವ ಎರಡು ಕಡ್ಡಿ ಕೆಲಸ ಹಾಗಲ್ಲ. ಅದರಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೇ ಕೂತಿರುತ್ತವೆ. ಮಗು ಬಂದು ಕಡ್ಡಿ ಎಳೆದರೆ ಎಲ್ಲ ಜಾರುತ್ತವೆ. ಮಣಿಯ ಮಾತು ಕೇಳುವುದೇ ಬೇಡ. ಅರ್ಧ ಪೋಣಿಸಿದ ಸರ ಕೆಳಗಿಟ್ಟು ಎದ್ದರೆ ಬರುವಷ್ಟರಲ್ಲಿ ಮಣಿ ಸೋಫಾದ ಅಡಿಯಲ್ಲಿ. ಸಣ್ಣ ಮಕ್ಕಳು ಅದನ್ನು ಬಾಯಿಗೆ ಹಾಕಿಕೊಳ್ಳುವ ಭಯ ಬೇರೆ.

ನನ್ನ ದಿನ ಹೇಗಿರುತ್ತದೆ ಹೇಳುತ್ತೇನೆ. ನನ್ನ ಆಫೀಸು ಚಿತ್ರದುರ್ಗದಲ್ಲಿ. ದಾವಣಗೆರೆಯಿಂದ ಸುಮಾರು 60 ಕಿಲೋಮೀಟರ್, ದಿನಾ ಬಸ್ಸು. ಹೋಗುತ್ತಾ ಒಂದು ಗಂಟೆ ಮೇಲೆ, ಬರುತ್ತಾ ಒಂದು ಗಂಟೆ ಮೇಲೆ. ನನ್ನ ಕ್ರೋಶಾದ ಮುಕ್ಕಾಲು ಪಾಲು ಈ ಬಸ್ಸಿನಲ್ಲೇ ಆಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ತುಂಬಿ ಬರುತ್ತದೆ, ಮೊಣಕೈ ಆಡಿಸಲು ಜಾಗ ಕಡಿಮೆ. ಆದರೂ ಕ್ರೋಶಾ ಕಡ್ಡಿ ಒಂದು ಗೇಣೂ ಇರುವುದಿಲ್ಲ, ಪಕ್ಕದವರಿಗೆ ತಾಗುವುದಿಲ್ಲ. ಬಸ್ಸಿಗೆ ನಾನು ಇಟ್ಟುಕೊಳ್ಳುವುದು ಅಂಗೈ ಅಗಲದ ಚೌಕಗಳು ಮಾತ್ರ, ಗ್ರ್ಯಾನಿ ಸ್ಕ್ವೇರ್ ಅಂತಾರಲ್ಲ, ಅದು. ನಾಲ್ಕು ಸುತ್ತಿಗೆ ಒಂದು ಚೌಕ. ಆನಗೋಡು ಬರುವಾಗ ಒಂದು ಸುತ್ತು ಆಗಿರುತ್ತದೆ, ಭರಮಸಾಗರ ದಾಟುವಾಗ ಮೂರು. ದುರ್ಗದ ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಕಾಣಿಸಿದವು ಅಂದರೆ ದಾರ ಕತ್ತರಿಸಿ ಚೀಲಕ್ಕೆ ಹಾಕುವ ಹೊತ್ತು. ಹೀಗೆ ಅಡ್ಡ ಆರು, ಉದ್ದ ಎಂಟು, ಒಟ್ಟು 48 ಚೌಕ ಸೇರಿಸಿ ಅಕ್ಕನ ಮೊಮ್ಮಗುವಿಗೆ ಒಂದು ಹೊದಿಕೆ ಮಾಡಿದೆ. ಜೋಡಿಸುವ ಕೆಲಸ ಮಾತ್ರ ಮನೆಯಲ್ಲಿ, ನೆಲದ ಮೇಲೆ ಹರಡಿಕೊಂಡು.

ಆ ಹೊದಿಕೆಯಲ್ಲಿ ಒಂದು ತಪ್ಪಾಯಿತು. ಹಳದಿ ದಾರ ಮುಗಿಯಿತು ಅಂತ ಇನ್ನೆರಡು ಉಂಡೆ ತಂದೆ. ಅದೇ ಕಂಪನಿ, ಅದೇ ಬಣ್ಣ. ರಾತ್ರಿ ಲೈಟಿನಲ್ಲಿ ಒಂದೇ ಥರ ಕಂಡಿತು. ಬೆಳಿಗ್ಗೆ ಬಿಸಿಲಿಗೆ ಹಿಡಿದರೆ ಒಂದು ನಿಂಬೆ ಹಣ್ಣಿನ ಹಳದಿ, ಇನ್ನೊಂದು ಮಾವಿನ ಹಣ್ಣಿನ ಹಳದಿ. ಉಂಡೆಯ ಚೀಟಿ ಮೇಲೆ ಬಣ್ಣದ ನಂಬರ್ ಅಲ್ಲದೆ ಲಾಟ್ ನಂಬರ್ ಅಂತ ಇನ್ನೊಂದು ಇರುತ್ತದೆ. ಒಂದೇ ಸಲ ಬಣ್ಣ ಹಾಕಿದ ದಾರಕ್ಕೆ ಒಂದೇ ಲಾಟ್. ದೊಡ್ಡದೇನಾದರೂ ಮಾಡುವುದಿದ್ದರೆ ಬೇಕಾದಷ್ಟು ದಾರವನ್ನು ಒಂದೇ ದಿನ, ಲಾಟ್ ನಂಬರ್ ನೋಡಿ ತನ್ನಿ. ಒಂದು ಉಂಡೆ ಜಾಸ್ತಿ ಆದರೂ ಪರವಾಗಿಲ್ಲ. ನಾನು ಹನ್ನೊಂದು ಚೌಕ ಬಿಚ್ಚಿ ಮತ್ತೆ ಹೆಣೆದೆ.

ಒಂದು ಸಲ ಬಸ್ಸಿನಲ್ಲಿ ಚಳ್ಳಕೆರೆ ಕಡೆಯ ಒಬ್ಬರು ಅಜ್ಜಿ ಪಕ್ಕದಲ್ಲಿ ಕೂತಿದ್ದರು. ನನ್ನ ದಾರವನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, "ಇದು ಕುರಿ ಉಣ್ಣೆ ಅಲ್ಲ ಕಣವ್ವ" ಅಂದರು. ನಿಜವೇ. ಅಂಗಡಿಯಲ್ಲಿ ಉಲನ್ ಅಂತ ಕೊಡುವುದು ಹೆಚ್ಚಾಗಿ ಅಕ್ರಿಲಿಕ್. ಅವರ ಮನೆಯಲ್ಲಿ ಕಂಬಳಿ ನೇಯುತ್ತಿದ್ದರಂತೆ. ಕುರಿ ಕೂದಲು ಕತ್ತರಿಸುವುದು, ಹಿಂಜುವುದು, ನೂಲುವುದು, ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡುವುದು, ಎಲ್ಲವನ್ನೂ ಕೈಯಲ್ಲಿ ತೋರಿಸುತ್ತಾ ಹೇಳಿದರು. ನಮ್ಮ ಬಯಲುಸೀಮೆ ಕುರಿಯ ಉಣ್ಣೆ ಒರಟು. ಕಂಬಳಿಗೆ ಅದೇ ಚೆಂದ, ಮಗುವಿನ ಟೋಪಿಗೆ ಚುಚ್ಚುತ್ತದೆ. ನಾನು ಮಾಡುತ್ತಿರುವುದು ಆ ಅಜ್ಜಿ ಮಾಡಿದ ಕೆಲಸದ ಒಂದು ಚೂರು ಅಂತ ಅವತ್ತು ಅನ್ನಿಸಿತು. ಸಂತೋಷವೂ ಆಯಿತು. ನಮ್ಮ ಅಜ್ಜ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲ ಅದು. ಅಜ್ಜನ ಅಂಗಿ ಮೇಲೆ ಯಾವಾಗಲೂ ಹತ್ತಿಯ ಎಳೆ ಇರುತ್ತಿತ್ತು ಅಂತ ಅಮ್ಮ ಹೇಳುತ್ತಾರೆ. ಗಿರಣಿಗಳು ಮುಚ್ಚಿದವು, ಬೆಣ್ಣೆ ದೋಸೆ ಉಳಿಯಿತು.

ದಾರದ ವಿಷಯಕ್ಕೆ ಬರುತ್ತೇನೆ. ನಮ್ಮ ಊರಿನ ಬಿಸಿಲಿಗೆ ಫೆಬ್ರವರಿ ಕೊನೆಯಿಂದ ಮಳೆ ಹಿಡಿಯುವವರೆಗೆ ಕಾಟನ್ ದಾರವೇ ಸರಿ. ಬೆವರಿದ ಕೈಗೆ ಅಕ್ರಿಲಿಕ್ ಅಂಟಿಕೊಂಡು ಕೀರಲು ಶಬ್ದ ಮಾಡುತ್ತದೆ. ಇನ್ನೊಂದು, ಅಕ್ರಿಲಿಕ್‌ಗೆ ಬಿಸಿ ಇಸ್ತ್ರಿ ಇಡಬೇಡಿ. ಸತ್ತ ಹಾಗೆ ಚಪ್ಪಟೆಯಾಗಿ ಹೊಳೆಯುತ್ತದೆ, ಮತ್ತೆ ಉಬ್ಬುವುದೇ ಇಲ್ಲ. ಮೊದಲ ಸಲಕ್ಕೆ ತಿಳಿ ಬಣ್ಣದ, ಸ್ವಲ್ಪ ದಪ್ಪನೆಯ ದಾರ, 4 ಮಿಲಿಮೀಟರ್ ಕಡ್ಡಿ ಸಾಕು. ಕಪ್ಪು, ಕಡುನೀಲಿ ಬೇಡ, ಹೊಲಿಗೆ ಕಣ್ಣಿಗೇ ಕಾಣಿಸುವುದಿಲ್ಲ.

ವಿಡಿಯೋ ನೋಡಿ ಕಲಿಯುವವರಾದರೆ ಇದನ್ನು ಮೊದಲೇ ತಿಳಿದುಕೊಳ್ಳಿ. ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುವ ಹೊಲಿಗೆಯನ್ನೇ ಇಂಗ್ಲೆಂಡಿನವರು ಡಬಲ್ ಕ್ರೋಶಾ ಅನ್ನುತ್ತಾರೆ. ಅಮೆರಿಕದ ಡಬಲ್ ಇಂಗ್ಲೆಂಡಿನವರಿಗೆ ಟ್ರೆಬಲ್, ಅದು ಇನ್ನೂ ಎತ್ತರದ ಹೊಲಿಗೆ. ನಾನು ಒಂದು ವರ್ಷ ಇದು ಗೊತ್ತಿಲ್ಲದೆ, ನನ್ನ ಟೋಪಿಗಳು ಮಾತ್ರ ಯಾಕೆ ಬುಟ್ಟಿಯಷ್ಟು ಉದ್ದ ಆಗುತ್ತವೆ ಅಂತ ಬೇಜಾರು ಮಾಡಿಕೊಂಡಿದ್ದೆ. ತಪ್ಪು ಕೈಯದಲ್ಲ, ಮಾತಿನದ್ದು.

ಇನ್ನು ಮಣಿ ಕೆಲಸ. ಅದು ನನಗೆ ಭಾನುವಾರ ಬೆಳಿಗ್ಗೆ ಆರರಿಂದ ಎಂಟು. ಎಲ್ಲರೂ ಮಲಗಿರುತ್ತಾರೆ. ಬೆಳಕು ಕಿಟಕಿಯಿಂದ ನೇರವಾಗಿ ಬರುತ್ತದೆ. ಫ್ಯಾನ್ ಹಾಕದೆ ಕೂರಬಹುದಾದ ಹೊತ್ತು ಏಪ್ರಿಲ್‌ನಲ್ಲಿ ಅದೊಂದೇ. ಫ್ಯಾನ್ ಯಾಕೆ ಬೇಡ ಅಂದರೆ ಬಳೆಗೆ ಸುತ್ತುವ ರೇಷ್ಮೆ ದಾರದ ಎಳೆಗಳು ಹಾರಿ ಗೋಜಲಾಗುತ್ತವೆ, ಫೆವಿಕಾಲ್ ಹಚ್ಚುವಷ್ಟರಲ್ಲೇ ಒಣಗುತ್ತದೆ. ಮಣಿಗಳನ್ನು ನಾನು ಒಗ್ಗರಣೆ ಡಬ್ಬಿಯಲ್ಲಿ ಇಡುತ್ತೇನೆ. ಸಾಸಿವೆ, ಜೀರಿಗೆ ಹಾಕುವ ಏಳು ಬಟ್ಟಲಿನ ಸ್ಟೀಲ್ ಡಬ್ಬಿ, ಅದಕ್ಕಿಂತ ಒಳ್ಳೆಯದು ನನಗೆ ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ. ಊಟದ ತಟ್ಟೆಗೆ ಹಳೆ ಟವೆಲ್ ಹಾಸಿ ಅದರ ಮೇಲೆ ಪೋಣಿಸಿದರೆ ಮಣಿ ಉರುಳುವುದಿಲ್ಲ.

ಸಾಮಾನು ಜಾಸ್ತಿ ಬೇಡ. ಮೂತಿ ದುಂಡಗಿರುವ ಒಂದು ಇಕ್ಕಳ, ಚಪ್ಪಟೆ ಮೂತಿಯ ಒಂದು ಇಕ್ಕಳ, ಒಂದು ಕಟರ್. ತಂತಿ ಕೊಳ್ಳುವಾಗ ಗೇಜ್ ನಂಬರ್ ಜಾಸ್ತಿ ಆದಷ್ಟೂ ತಂತಿ ತೆಳು ಅಂತ ನೆನಪಿಡಿ: 20 ಗೇಜ್ ಅಂದರೆ ಸುಮಾರು 0.8 ಮಿಲಿಮೀಟರ್, 24 ಅಂದರೆ 0.5. ಓಲೆಯ ಸಣ್ಣ ಉಂಗುರವನ್ನು ತೆರೆಯುವಾಗ ಎರಡೂ ತುದಿಯನ್ನು ಅಗಲಕ್ಕೆ ಎಳೆಯಬೇಡಿ. ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ. ಮುಚ್ಚುವಾಗಲೂ ಹಾಗೆಯೇ. ಎಳೆದರೆ ಗುಂಡಗಿನ ಆಕಾರ ಹೋಗುತ್ತದೆ, ಓಲೆ ಕಿವಿಯಿಂದ ಎಲ್ಲೋ ಬಿದ್ದು ಹೋಗುತ್ತದೆ.

ಕಿವಿಯ ಕೊಕ್ಕೆಯ ವಿಷಯದಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಅಕ್ಕನ ಮಗಳ ಕಾಲೇಜು ಫಂಕ್ಷನ್‌ಗೆ ಅಂತ ಒಂದು ಜೊತೆ ಝುಮಕಿ ಮಾಡಿಕೊಟ್ಟಿದ್ದೆ. ಕೊಕ್ಕೆಯನ್ನು ಒಂದು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ನೂರು ಜೊತೆ ತಂದಿದ್ದೆ. ಸಂಜೆ ಹೊತ್ತಿಗೆ ಅವಳ ಕಿವಿ ಕೆಂಪಾಗಿ ಊದಿ ನೀರು ಸುರಿಯುತ್ತಿತ್ತು. ಅಗ್ಗದ ಲೋಹದಲ್ಲಿ ನಿಕ್ಕಲ್ ಇರುತ್ತದೆ, ಕೆಲವರ ಚರ್ಮಕ್ಕೆ ಅದು ಆಗುವುದೇ ಇಲ್ಲ. "ಚಿಕ್ಕಿ, ಪರವಾಗಿಲ್ಲ ಬಿಡಿ" ಅಂದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಉಳಿದ ತೊಂಬತ್ತೊಂಬತ್ತು ಜೊತೆಯನ್ನೂ ಎಸೆದೆ. ಈಗ ಬೆಳ್ಳಿಯ ಕೊಕ್ಕೆ ಇಲ್ಲವೇ ಸರ್ಜಿಕಲ್ ಸ್ಟೀಲ್ ಕೊಕ್ಕೆ ಮಾತ್ರ ಹಾಕುತ್ತೇನೆ.

ಬಳೆ ಮಾಡುವ ಆಸೆಯೂ ಇದೆ ಅಂದಿರಲ್ಲ. ಅಂಗಡಿಯಲ್ಲಿ ಎರಡು ನಾಲ್ಕು, ಎರಡು ಆರು ಅಂತ ಕೇಳುತ್ತೇವೆ. 2.6 ಅಂದರೆ ಎರಡು ಪಾಯಿಂಟ್ ಆರು ಇಂಚು ಅಲ್ಲ. ಎರಡು ಇಂಚು, ಅದರ ಮೇಲೆ ಒಂದು ಇಂಚಿನ ಹದಿನಾರು ಪಾಲಿನಲ್ಲಿ ಆರು ಪಾಲು. ಒಳಗಿನ ಅಡ್ಡಳತೆ ಸುಮಾರು 60 ಮಿಲಿಮೀಟರ್ ಆಯಿತು. 2.4 ಅಂದರೆ 57, 2.8 ಅಂದರೆ 63.5. ದಾರ ಸುತ್ತಿದ ಮೇಲೆ ಒಳಗಡೆ ಸ್ವಲ್ಪ ಬಿಗಿಯಾಗುತ್ತದೆ, ಅದನ್ನೂ ಲೆಕ್ಕ ಹಾಕಿ ಬಳೆ ತೆಗೆದುಕೊಳ್ಳಿ. ರೇಷ್ಮೆ ದಾರ ಅಂತ ನಾವು ತರುವುದು ಸಾಮಾನ್ಯವಾಗಿ ರೇಷ್ಮೆ ಅಲ್ಲ, ವಿಸ್ಕೋಸ್. ಮರದ ತಿರುಳಿನಿಂದ ಮಾಡುವ ನಾರು ಅದು. ನಮ್ಮ ಹರಿಹರದ ಆಚೆ ದಡದ ಕುಮಾರಪಟ್ಟಣದ ಕಾರ್ಖಾನೆಯಲ್ಲೂ ವಿಸ್ಕೋಸ್ ನಾರು ಮಾಡುತ್ತಾರೆ. ಹೊಳಪು ರೇಷ್ಮೆಯ ಹಾಗೇ ಇರುತ್ತದೆ, ಆದರೆ ಒದ್ದೆಯಾದರೆ ಅದರ ಬಲ ಕುಗ್ಗುತ್ತದೆ. ಆ ಬಳೆ ಹಾಕಿಕೊಂಡು ಪಾತ್ರೆ ತೊಳೆಯಬೇಡಿ ಅಂತ ಕೊಡುವಾಗಲೇ ಹೇಳಿ ಕೊಡುತ್ತೇನೆ.

ಮಣಿ ಕೆಲಸ ಬರುತ್ತದೆ ಅಂತ ಗೊತ್ತಾದರೆ ಅಕ್ಕಪಕ್ಕದವರು ಹರಿದ ಕರಿಮಣಿ ಸರ ತರುತ್ತಾರೆ. ಬರೀ ಮಣಿ ಇದ್ದರೆ ಸಂತೋಷವಾಗಿ ಪೋಣಿಸಿ ಕೊಡುತ್ತೇನೆ. ತಾಳಿ, ಗುಂಡು, ಬಂಗಾರ ಏನಾದರೂ ಇದ್ದರೆ ಮುಟ್ಟುವುದಿಲ್ಲ. "ಅದಕ್ಕೆ ಚಿನ್ನದಂಗಡಿ ಮುಂದೆ ಸರ ಪೋಣಿಸಿ ಕೊಡುವವರಿದ್ದಾರೆ ಆಂಟಿ, ಅವರ ಗಂಟು ನನಗೆ ಬರಲ್ಲ" ಅನ್ನುತ್ತೇನೆ. ಅವರ ಮುಂದೆ ಅರ್ಧ ಗಂಟೆ ನಿಂತು ನೋಡಿ. ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ ಎಷ್ಟು ಬೇಗ ಗಂಟು ಕಟ್ಟುತ್ತಾರೆ ಅಂತ. ನಾನು ಕಲಿತ ಅರ್ಧ ವಿದ್ಯೆ ಹಾಗೆ ನಿಂತು ನೋಡಿದ್ದೇ.

ಮಾರಬಹುದಾ ಅಂತ ನೀವು ಕೇಳಿಲ್ಲ. ಆದರೆ ಮೊದಲ ಬಳೆ ಹಾಕಿಕೊಂಡು ಹೊರಗೆ ಹೋದ ದಿನವೇ "ಎಷ್ಟಕ್ಕೆ ಕೊಡ್ತೀರಾ" ಅಂತ ಯಾರಾದರೂ ಕೇಳುತ್ತಾರೆ. ನಾನು ಒಂದು ವರಮಹಾಲಕ್ಷ್ಮಿ ಹಬ್ಬಕ್ಕೆ ನಲವತ್ತು ಸೆಟ್ ಬಳೆಗೆ ಒಪ್ಪಿಕೊಂಡೆ. ಮೂರು ವಾರ ರಾತ್ರಿ ಹನ್ನೆರಡರವರೆಗೆ ಕೂತೆ. ದುಡ್ಡು ಬಂತು, ಎಲ್ಲರಿಗೂ ಇಷ್ಟವೂ ಆಯಿತು. ಹಬ್ಬ ಮುಗಿದ ಮೇಲೆ ನಾಲ್ಕು ತಿಂಗಳು ನನಗೆ ಆ ಡಬ್ಬಿ ತೆರೆಯಲು ಮನಸ್ಸೇ ಬರಲಿಲ್ಲ. ಇದರಿಂದಲೇ ಮನೆ ನಡೆಸುವವರು ಇದ್ದಾರೆ, ಅವರ ದುಡಿಮೆ ದೊಡ್ಡದು. ನನಗೆ ಸಂಬಳ ಬರುತ್ತದೆ. ಹಾಗಾಗಿ ಸೀಮಂತಕ್ಕೆ, ನಾಮಕರಣಕ್ಕೆ, ಆಫೀಸಿನಲ್ಲಿ ಯಾರದಾದರೂ ರಿಟೈರ್‌ಮೆಂಟಿಗೆ ಮಾಡಿ ಕೊಡುತ್ತೇನೆ. ಕೊಡುವಾಗ ಅವರು ಅದನ್ನು ತಿರುಗಿಸಿ ನೋಡುತ್ತಾರಲ್ಲ, ಅದು ನನಗೆ ಸಾಕು.

ಸಾಮಾನಿಗೆ ಚೌಕಿಪೇಟೆ, ಮಂಡಿಪೇಟೆ ಕಡೆಯ ಫ್ಯಾನ್ಸಿ ಸ್ಟೋರ್‌ಗಳನ್ನು ಒಂದು ಮಧ್ಯಾಹ್ನ ಸುತ್ತಿ. ಸಂಜೆ ಬೇಡ, ಜನ ಜಾಸ್ತಿ, ದಾರ ಮುಟ್ಟಿ ನೋಡಲು ಬಿಡುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯಲ್ಲಿ ಮಣಿ ಅಂಗಡಿಗಳು ಬರುತ್ತವೆ, ನನ್ನ ಹತ್ತಿರ ಇರುವ ಚೆಂದದ ಗಾಜಿನ ಮಣಿಗಳೆಲ್ಲ ಅಲ್ಲಿಯವು. ಬೆಂಗಳೂರಿಗೆ ಹೋಗುವವರಿದ್ದರೆ ಮಾಮೂಲ್‌ಪೇಟೆ.

ಈ ವಾರ ಒಂದು ಕಡ್ಡಿ, ಎರಡು ಉಂಡೆ ತಿಳಿ ಬಣ್ಣದ ಕಾಟನ್ ದಾರ ತನ್ನಿ. ಮೊದಲು ಬರೀ ಚೈನು ಹಾಕಿ, ಅಂದರೆ ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುತ್ತಾ ಹೋಗಿ, ಒಂದು ಮಾರು ಉದ್ದ, ಎಲ್ಲ ಕುಣಿಕೆಯೂ ಒಂದೇ ಅಳತೆಗೆ ಬರುವವರೆಗೆ. ಆಮೇಲೆ ಪಾತ್ರೆ ಒರೆಸುವ ಒಂದು ಚೌಕ ಬಟ್ಟೆ ಹೆಣೆಯಿರಿ. ಸಾಲು ಸಾಲಿಗೂ ಹೊಲಿಗೆ ಎಣಿಸಿ, ಅಂಚಿನ ಕೊನೆಯ ಹೊಲಿಗೆ ತಪ್ಪಿಸಿಕೊಳ್ಳುವುದು ಎಲ್ಲರಿಗೂ ಆಗುತ್ತದೆ. ಚೌಕ ಹೋಗಿ ತ್ರಿಕೋನ ಆಗುತ್ತಿದೆ ಅನ್ನಿಸಿದರೆ ಫೋಟೋ ಹಾಕಿ ಇಲ್ಲೇ ಕೇಳಿ, ಬಸ್ಸಿನಲ್ಲಿ ಸೀಟು ಸಿಕ್ಕಾಗ ನೋಡಿ ಹೇಳುತ್ತೇನೆ.