ಮರದರಿಶಿನದಲ್ಲಿರೋ ಬರ್ಬೆರಿನ್ ಜೀವಕೋಶದ ಒಳಗೆ ಏನ್ ಮಾಡಿ ಶುಗರ್ ಇಳಿಸುತ್ತೆ?

ಮರದರಿಶಿನ ಅನ್ನೋ ಕಾಡುಬಳ್ಳಿಯ ಕಾಂಡ ಕೆತ್ತಿದ್ರೆ ಒಳಗೆ ಕಾಣೋ ಆ ಗಾಢ ಹಳದಿ ಬಣ್ಣಾನೇ ಬರ್ಬೆರಿನ್, ನಾಲಿಗೆಗೆ ಕಹಿ ಅಂದ್ರೆ ಕಹಿ. ಇದು ಜೀವಕೋಶದೊಳಗೆ ಹೋಗಿ ಕೋಶಕ್ಕೆ ಶಕ್ತಿ ತಯಾರಿಸೋ ಮೈಟೋಕಾಂಡ್ರಿಯಾದಲ್ಲಿ ಕಾಂಪ್ಲೆಕ್ಸ್ 1 ಅನ್ನೋ ಪ್ರೋಟೀನ್ ಗುಂಪಿಗೆ ತಡೆ ಹಾಕುತ್ತೆ, ಕೋಶ ಶಕ್ತಿಗಾಗಿ ಖರ್ಚು ಮಾಡೋ ಎಟಿಪಿ ತಯಾರಾಗೋದು ಕಮ್ಮಿಯಾಗಿ, ಶಕ್ತಿ ಖಾಲಿಯಾಗ್ತಿದೆ ಅನ್ನೋ ಸೂಚನೆಯಾದ ಎಎಂಪಿ ಜಾಸ್ತಿ ಆಗುತ್ತೆ, ಆಗ ಎಎಂಪಿಕೆ ಅನ್ನೋ ಎಂಜೈಮ್ ಚುರುಕಾಗುತ್ತೆ, ದುಡ್ಡು ಖಾಲಿ ಆಗ್ತಿದ್ದಂಗೆ ಖರ್ಚು ಬಿಗಿ ಹಿಡಿಯೋ ಮನೆ ಯಜಮಾನಿ ಥರ. ಇದು ಚುರುಕಾದಾಗ ಸ್ನಾಯುಕೋಶದ ಒಳಗಿದ್ದ ಗ್ಲುಟ್4 ಅನ್ನೋ ಪ್ರೋಟೀನ್‌ಗಳು ಹೊರಪೊರೆಗೆ ಬಂದು ರಕ್ತದಲ್ಲಿರೋ ಗ್ಲೂಕೋಸನ್ನ ಒಳಗೆ ಎಳ್ಕೊಳ್ತವೆ, ಲಿವರ್ ಹೊಸದಾಗಿ ಗ್ಲೂಕೋಸ್ ಮಾಡೋದೂ ತಗ್ಗುತ್ತೆ. ಶುಗರ್‌ಗೆ ಡಾಕ್ಟರ್ ಕೊಡೋ ಮೆಟ್‌ಫಾರ್ಮಿನ್ ಮಾತ್ರೆದೂ ಹೆಚ್ಚುಕಮ್ಮಿ ಇದೇ ದಾರಿ.

ಆದ್ರೆ ಕೋಶದೊಳಗಿನ ಈ ಕಥೆ ಬಹುಪಾಲು ಗೊತ್ತಾಗಿರೋದು ಲ್ಯಾಬಲ್ಲಿ ಬೆಳೆಸಿದ ಕೋಶಗಳು, ಇಲಿಗಳಿಂದ. ಬಾಯಲ್ಲಿ ತಗೊಂಡ್ರೆ ಕರುಳಿಂದ ರಕ್ತಕ್ಕೆ ಸೇರೋದು ತೀರಾ ಕಮ್ಮಿ. ಶುಗರ್ ಮಾತ್ರೆ ಜೊತೆ ತಗೊಂಡ್ರೆ ಲೋ ಶುಗರ್ ಆಗಬಹುದು, ಗರ್ಭಿಣಿಯರಂತೂ ಮುಟ್ಟಲೇಬಾರದು, ದಯವಿಟ್ಟು ಡಾಕ್ಟರ್‌ಗೆ ಹೇಳದೆ ಕಷಾಯ ಶುರು ಮಾಡ್ಬೇಡಿ. ಇನ್ನೊಂದು, ಪಶ್ಚಿಮ ಘಟ್ಟದಲ್ಲಿ ಈ ಬಳ್ಳಿ ಕಡಿದೂ ಕಡಿದೂ ಅಳಿವಿನಂಚಿಗೆ ಬಂದಿದೆ, ಮತ್ತೆ ಬೆಳೆಯೋಕೆ ವರ್ಷಗಟ್ಟಲೆ ಬೇಕು, ಕಾಡಿಂದ ಕಿತ್ತು ಮಾರೋರ ಹತ್ರ ತಗೋಬೇಡಿ.