ಒಳಕಿವಿ ತೊಂದರೆ ರಕ್ತ ಪರೀಕ್ಷೇಲಿ ಗೊತ್ತಾಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನಂಗೆ ಒಂದು ಕಿವಿ ಸ್ವಲ್ಪ ಮಂದ ಆಗಿದೆ, ಗುಂಯ್ ಅನ್ನುತ್ತೆ, ಆಗಾಗ ತಲೆಸುತ್ತೂ ಬರುತ್ತೆ. ಶುಗರ್ ನೋಡೋ ಹಾಗೆ ರಕ್ತ ತಗೊಂಡು ಒಳಕಿವಿ ಹಾಳಾಗಿದ್ಯಾ ಅಂತ ಹೇಳೋಕಾಗಲ್ವಾ?

ಉತ್ತರ: ಸದ್ಯಕ್ಕೆ ಆಗಲ್ಲ, ಆದ್ರೆ ಪ್ರಯತ್ನ ನಡೀತಿದೆ. ಒಳಕಿವಿ ಗಟ್ಟಿ ಮೂಳೆ ಒಳಗಿರೋದ್ರಿಂದ ಚೂರು ತೆಗೆದು ಪರೀಕ್ಷೆ ಮಾಡಿದ್ರೆ ಇರೋ ಕೇಳುವ ಶಕ್ತಿಯೂ ಹೋಗಬಹುದು, ಆಡಿಯೋಗ್ರಾಂ ಅನ್ನೋ ಕೇಳುವ ಪರೀಕ್ಷೆ ಎಷ್ಟು ಕೇಳಿಸಲ್ಲ ಅಂತ ಹೇಳುತ್ತೆ, ಯಾವ ಜೀವಕೋಶ ಸತ್ತಿದೆ ಅನ್ನೋದನ್ನ ಹೇಳಲ್ಲ. ಅದಕ್ಕೇ ಒಳಕಿವಿ ಕೋಶ ಹಾಳಾಗಿದ್ದರ ಗುರುತನ್ನ ರಕ್ತದಲ್ಲಿ ಹುಡುಕ್ತಿರೋದು. ಪ್ರೆಸ್ಟಿನ್ ಅನ್ನೋ ಪ್ರೋಟೀನ್ ಒಳಕಿವಿಯ ಹೊರ ರೋಮಕೋಶಗಳಲ್ಲಿ (ಸದ್ದನ್ನ ಹೆಚ್ಚಿಸೋ, ಕೂದಲಿನಂಥ ಎಳೆ ಇರೋ ಕೋಶ) ತುಂಬಾ ಇರುತ್ತೆ, ಸದ್ದಿಗೆ ಆ ಕೋಶ ಹಿಗ್ಗಿ ಕುಗ್ಗೋದೇ ಇದರಿಂದ, 2000ದಲ್ಲಿ ಪತ್ತೆಯಾಯ್ತು. ಪ್ರಾಣಿಗಳಿಗೆ ಜೋರು ಸದ್ದು ಕೇಳಿಸಿದಾಗ, ಕ್ಯಾನ್ಸರ್ ಔಷಧಿ ಸಿಸ್ಪ್ಲಾಟಿನ್ ಕೊಟ್ಟಾಗ ರಕ್ತದಲ್ಲಿ ಇದರ ಮಟ್ಟ ಬದಲಾಗಿದ್ದು ಕಂಡಿದೆ. ತಲೆಸುತ್ತಿಗೆ ಓಟೋಲಿನ್-1 ನೋಡ್ತಾರೆ, ಬ್ಯಾಲೆನ್ಸ್ ಭಾಗದ ಕ್ಯಾಲ್ಸಿಯಂ ಹರಳುಗಳಲ್ಲಿರೋ ಪ್ರೋಟೀನ್ ಅದು, ಆದ್ರೆ ಆರೋಗ್ಯವಂತರ ರಕ್ತದಲ್ಲೂ ಇರುತ್ತೆ, ವಯಸ್ಸಾದಂಗೆ ಹೆಚ್ಚಾಗುತ್ತೆ, ಹಾಗಾಗಿ ಬರೀ ಅದನ್ನೇ ನಂಬಿ ಕಾಯಿಲೆ ಇಂಥದ್ದು ಅನ್ನೋಕಾಗಲ್ಲ. ಹುಟ್ಟಿನಿಂದ ಕಿವುಡಿರೋ ಮಕ್ಕಳಿಗೆ ಜಿಜೆಬಿ2 ಥರದ, ಕಿವುಡಿಗೆ ಕಾರಣವಾಗೋ ಜೀನ್‌ಗಳ ಟೆಸ್ಟ್ ಮಾತ್ರ ಈಗಾಗ್ಲೇ ಬಳಕೇಲಿದೆ.

ನೀವಂತೂ ರಕ್ತ ಪರೀಕ್ಷೆಗೆ ಕಾಯ್ಬೇಡಿ. ಇಎನ್‌ಟಿ ಹತ್ರ ಹೋಗಿ ಆಡಿಯೋಗ್ರಾಂ ಮಾಡಿಸಿ, ಒಂದೇ ಕಿವಿ ಅಂದ್ಮೇಲೆ ಎಂಆರ್‌ಐ ಬೇಕಾ ಅಂತಲೂ ಕೇಳಿ. ಮಂದ ಆಗಿದ್ದು ಒಂದೆರಡು ದಿನದಲ್ಲೇ ಅಂದ್ರೆ ಇವತ್ತೇ ಹೊರಡಿ, ಸ್ಟಿರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರದೊಳಗೆ ಶುರುವಾದ್ರೇನೇ ಹೆಚ್ಚು ಪ್ರಯೋಜನ.